ಎರಡು ಹಳದಿ ಗುರುತು

ಕ್ಲೈವ್ ಪಾಸ್ಕೋನ ಶೆಡ್ಡಿನ ನೆಲದ ಮೇಲೆ ಎರಡು ಹಳದಿ ಗುರುತುಗಳಿದ್ದವು. ಗುಣಾಕಾರದ ಚಿಹ್ನೆಯ ಹಾಗೆ ಎಳೆದವು, ಒಂದರಿಂದ ಇನ್ನೊಂದಕ್ಕೆ ಮೂರು ಮೀಟರ್ ದೂರ. ಇಪ್ಪತ್ತಾರು ವರ್ಷಗಳ ಹಿಂದೆ ಅವನ್ನು ಬಳಿದವನು ನಾನೇ. ಈಗ ಅವಿಲ್ಲ. ಹೇಳಿಕೊಂಡುಬಿಡು, ಮನಸ್ಸು ಹಗುರಾಗುತ್ತದೆ ಎಂದು ನಮ್ಮ ಚರ್ಚಿನ ಹೆಂಗಸೊಬ್ಬಳು ಬುದ್ಧಿ ಹೇಳಿದಳು. ಹಗುರಾಗುವುದಿಲ್ಲ, ನನಗೆ ಗೊತ್ತು. ಆದರೂ ಹೇಳುತ್ತೇನೆ.

ನನ್ನ ಹೆಸರು ರೆಕ್ಸ್. ನಲವತ್ತು ವರ್ಷ ಕಾಂಕ್ರೀಟ್ ಹಾಕಿ ಬದುಕಿದವನು. ಅಡಿಲೇಡಿನಿಂದ ಎರಡು ಗಂಟೆ ದೂರದ ಕಡೀನಾ ಊರಿನ ಅರ್ಧಕ್ಕರ್ಧ ಮನೆಗಳ ನೆಲವನ್ನು ಮಂಡಿಯೂರಿ ಮಟ್ಟ ಮಾಡಿದ್ದೇನೆ, ಅದಕ್ಕೇ ಈಗ ಮಂಡಿ ಮಡಚಿದರೆ ಜೀವ ಹೋಗುತ್ತದೆ. ಕ್ಲೈವ್ ಊರಾಚೆ ಗೋಧಿ ತುಂಬಿಡುವ ಸೈಲೋದಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಇಬ್ಬರದೂ ಒಂದೇ ಶಾಲೆ, ಒಂದೇ ಫುಟ್‌ಬಾಲ್ ತಂಡ. ಅವನ ಮದುವೆಯಲ್ಲಿ ಉಂಗುರ ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತವನು ನಾನು. ನನ್ನ ಮದುವೆ ಮುರಿದು ಬಿದ್ದಾಗ ಮೂರು ತಿಂಗಳು ಅವನ ಮನೆಯಲ್ಲೇ ಉಂಡು ಮಲಗಿದೆ. ಅವನ ಹೆಂಡತಿ ಮೆರಿಲ್ ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ಶೆಡ್ಡು ಕಟ್ಟಿದ್ದು ಒಂದು ಡಿಸೆಂಬರಿನಲ್ಲಿ, ನಮ್ಮಲ್ಲಿ ಅದು ಸುಡುಬೇಸಿಗೆ. ನಮ್ಮ ಕಡೆ ಶೆಡ್ಡಿಗೆ ನೆಲ ಹಾಕಿಸಲು ಯಾರೂ ಕೂಲಿಯವರನ್ನು ಕರೆಯುವುದಿಲ್ಲ. ಶನಿವಾರ ಬೆಳಿಗ್ಗೆ ಗೆಳೆಯರು ಬೂಟು ಹಾಕಿಕೊಂಡು ಬರುತ್ತಾರೆ, ಕಾಂಕ್ರೀಟಿನ ಲಾರಿ ಬರುತ್ತದೆ, ಮಧ್ಯಾಹ್ನಕ್ಕೆ ಮನೆಯಾಕೆ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ಬೇಯಿಸಿಕೊಡುತ್ತಾಳೆ, ಸಂಜೆಗೆ ಒಂದು ಪೆಟ್ಟಿಗೆ ಬಿಯರು. ಇಷ್ಟೇ ಲೆಕ್ಕಾಚಾರ. ಇನ್ನೊಂದು ಮಾತುಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೆಳೆಯ ಮಾಡಿಕೊಟ್ಟ ಕೆಲಸಕ್ಕೆ ಅಳತೆಪಟ್ಟಿ ಹಿಡಿಯುವುದೆಂದರೆ ನಮ್ಮಲ್ಲಿ ಅವನ ಮುಖಕ್ಕೆ ಉಗಿದ ಹಾಗೆ.

ಆ ಶನಿವಾರ ಸೈಲೋದಲ್ಲಿ ಸುಗ್ಗಿಯ ಭರಾಟೆ, ಕ್ಲೈವನಿಗೆ ರಜೆ ಸಿಗಲಿಲ್ಲ. ಹಿಂದಿನ ಸಂಜೆ ನನ್ನನ್ನು ಕರೆದು ನೆಲದಲ್ಲಿ ಎರಡು ಕಡೆ ಗೂಟ ಹೊಡೆದು ತೋರಿಸಿದ.

"ಎಲ್ಲಾ ಕಡೆ ನಾಲ್ಕಂಗುಲ ಸಾಕು ರೆಕ್ಸ್. ಈ ಎರಡು ಕಡೆ ಮಾತ್ರ ಮೊಣಕಾಲುದ್ದ ಅಗೆದು ಕಾಂಕ್ರೀಟು ತುಂಬ್ಸು. ಒಂದಲ್ಲ ಒಂದಿನ ಇಲ್ಲಿ ಹಾಯಿಸ್ಟ್ ನಿಲ್ಲಿಸ್ತೀನಿ."

ಹಾಯಿಸ್ಟ್ ಅಂದರೆ ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿಯುವ ಎರಡು ಕಬ್ಬಿಣದ ಕಂಬಗಳು. ಕಾರಿನ ಅಷ್ಟೂ ಭಾರ ಆ ಕಂಬಗಳ ಬುಡದ ಬೋಲ್ಟುಗಳ ಮೇಲೆ ಜಗ್ಗುತ್ತದೆ. ನೆಲ ತೆಳುವಾಗಿದ್ದರೆ ಬೋಲ್ಟು ಕಿತ್ತುಕೊಂಡು ಬರುತ್ತದೆ, ಕೆಳಗೆ ನಿಂತವನ ಕಥೆ ಮುಗಿಯಿತು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ನನ್ನ ಕಸುಬೇ ಅದು.

ಆದರೆ ನಮ್ಮೂರ ಮಣ್ಣಿನಡಿ ನಾಲ್ಕಂಗುಲಕ್ಕೆಲ್ಲ ಸುಣ್ಣಕಲ್ಲಿನ ಹಾಸು. ಹಾರೆ ಹಾಕಿದರೆ ಹಾರೆಯೇ ಚಿಮ್ಮಿ ಹಣೆಗೆ ಬರುತ್ತದೆ. ಆ ದಿನ ನಲವತ್ತೊಂದು ಡಿಗ್ರಿ ಬಿಸಿಲು. ಹನ್ನೊಂದಕ್ಕೆ ರೇಡಿಯೋದಲ್ಲಿ ಅಡಿಲೇಡಿನ ಟೆಸ್ಟ್ ಪಂದ್ಯ ಶುರುವಾಗುವುದಿತ್ತು. ಕೈಜೋಡಿಸಲು ಬಂದಿದ್ದ ಇಬ್ಬರು ಹುಡುಗರು ಅರ್ಧ ಗಂಟೆ ಹಾರೆ ಹಾಕಿದರೂ ಒಂದು ಗೇಣೂ ಇಳಿಯಲಿಲ್ಲ. ಅಷ್ಟರಲ್ಲಿ ಹತ್ತಕ್ಕೆ ಬರಬೇಕಿದ್ದ ಲಾರಿ ಎಂಟೂವರೆಗೇ ಬಂದು ನಿಂತು ಹಾರನ್ ಹೊಡೆಯಿತು. ನಾನು ಗೂಟ ಕಿತ್ತು ಎಸೆದೆ. "ಬಿಡ್ರೋ, ಏನೂ ಆಗಲ್ಲ. ಸುರೀರಿ" ಅಂದೆ. ನಮ್ಮ ಊರಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ಇದು. ಈ ಕ್ಲೈವ್ ಎಂದಾದರೂ ಹಾಯಿಸ್ಟ್ ತರುವವನೇ? ಬರೀ ಕನಸು ಕಾಣುವವನು ಎಂದುಕೊಂಡೆ. ಗುಂಡಿಗೆಂದು ತರಿಸಿದ್ದ ಕಾಂಕ್ರೀಟು ಮಿಕ್ಕಿತಲ್ಲ, ಅದನ್ನು ದಂಡ ಮಾಡುವುದೇಕೆಂದು ಲಾರಿಯವನಿಗೆ ಹೇಳಿ ನನ್ನ ಮನೆಯ ನಾಯಿಗೂಡಿಗೆ ನೆಲ ಹಾಕಿಸಿಕೊಂಡೆ. ಹದಿನಾಲ್ಕು ವರ್ಷ ನನ್ನ ನಾಯಿ ಅದರ ಮೇಲೆ ತಂಪಾಗಿ ಮಲಗಿತು.

ಸಂಜೆ ಕ್ಲೈವ್ ಬಂದು ಕನ್ನಡಿಯಂಥ ನೆಲ ನೋಡಿ ನನ್ನ ಬೆನ್ನು ತಟ್ಟಿದ. ಮುಂದಿನ ಭಾನುವಾರ ಹಳದಿ ಬಣ್ಣದ ಡಬ್ಬಿ, ಬ್ರಷ್ಷು ತಂದು ನನ್ನ ಕೈಗೆ ಕೊಟ್ಟ. "ಗುಂಡಿ ಎಲ್ಲಿ ಬಂತು ಅಂತ ಆಮೇಲೆ ತಿಳೀಬೇಕಲ್ಲ. ನಿನಗೇ ಗೊತ್ತು, ನೀನೇ ಗುರುತು ಹಾಕು" ಅಂದ. ಆಗ ಹೇಳಬಹುದಿತ್ತು. ಅವನು ಎರಡು ಬೈಗುಳ ಬೈದು ಸುಮ್ಮನಾಗುತ್ತಿದ್ದ, ಇಬ್ಬರೂ ಸೇರಿ ಒಡೆದು ಸರಿಮಾಡುತ್ತಿದ್ದೆವು. ನಾನು ಡಬ್ಬಿಗೆ ಬ್ರಷ್ಷು ಅದ್ದಿದೆ.

ಆಮೇಲೆ ಇಪ್ಪತ್ತಾರು ಕ್ರಿಸ್‌ಮಸ್‌ಗಳು ಬಂದು ಹೋದವು. ಪ್ರತಿ ಸಲವೂ ಊಟಕ್ಕೆ ಬಂದ ನೆಂಟರನ್ನು ಕ್ಲೈವ್ ಶೆಡ್ಡಿಗೆ ಕರೆತಂದು ಬೂಟಿನ ತುದಿಯಿಂದ ಗುರುತು ತೋರಿಸುತ್ತಿದ್ದ. "ನೋಡಿ, ಇದರ ಕೆಳಗೆ ನನ್ನ ಗೆಳೆಯನ ಬೆವರಿದೆ. ಸುಣ್ಣಕಲ್ಲು ಒಡೆದಿದಾನೆ, ಅದೂ ಆ ಬಿಸಿಲಲ್ಲಿ." ನಾನು ಬಿಯರ್ ಹಿಡಿದುಕೊಂಡು ನಗುತ್ತಿದ್ದೆ. ಥೂ ನನ್ನ ಮುಖಕ್ಕೆ.

ಶೆಡ್ಡಿನಲ್ಲಿದ್ದುದು ಅವನ ಅಪ್ಪನ ಹಳೆಯ ಹೋಲ್ಡನ್ ಸ್ಟೇಷನ್ ವ್ಯಾಗನ್. ಮೆರಿಲಳನ್ನು ಮದುವೆಯಾಗಿ ಚರ್ಚಿನಿಂದ ಕರೆತಂದಿದ್ದು ಆ ಕಾರಿನಲ್ಲೇ. ಅದನ್ನು ಬಿಚ್ಚಿ, ತುಕ್ಕು ಕೆರೆದು, ಒಂದೊಂದೇ ಭಾಗ ಹೊಸದು ಮಾಡುತ್ತ ಬಂದಿದ್ದ. ಎಂಜಿನ್ ಆಗಿತ್ತು, ತಿಳಿನೀಲಿ ಬಣ್ಣವೂ ಆಗಿತ್ತು. ಉಳಿದಿದ್ದು ಕೆಳಗಿನ ನಾಲ್ಕು ಬ್ರೇಕ್ ಪೈಪುಗಳು ಮಾತ್ರ. ಅವನ್ನೂ ತಾನೇ ಬಗ್ಗಿಸಿ ಗೋಡೆಯ ಮೊಳೆಗೆ ತೂಗುಹಾಕಿದ್ದ. ಅವನ್ನು ಕೂರಿಸಿದರೆ ಕಾರು ರಸ್ತೆಗೆ ಇಳಿಯುತ್ತದೆ, ಮೆರಿಲಳನ್ನು ಕೂರಿಸಿಕೊಂಡು ಸಮುದ್ರದ ತೀರಕ್ಕೆ ಹೋಗಿ ಐಸ್‌ಕ್ರೀಮ್ ತಿಂದು ಬರುವುದು.

ಕೆಲವು ತಿಂಗಳಿಂದ ಅವನನ್ನು ಕಾಡುತ್ತಿದ್ದ ಹೊಟ್ಟೆ ನೋವಿಗೆ ಈ ವರ್ಷ ಫೆಬ್ರವರಿಯಲ್ಲಿ ಹೆಸರು ಸಿಕ್ಕಿತು, ಕ್ಯಾನ್ಸರ್. ಅಡಿಲೇಡಿನ ಡಾಕ್ಟರು ಎರಡು ತಿಂಗಳು ಅಂದರು, ಅದಕ್ಕಿಂತ ಕಡಿಮೆಯೂ ಇರಬಹುದು ಅಂದರು. ಮನೆಗೆ ಬಂದವನೇ ಅವನು ಮಾಡಿದ ಮೊದಲ ಕೆಲಸವೆಂದರೆ ಹಾಯಿಸ್ಟಿಗೆ ಆರ್ಡರ್ ಕೊಟ್ಟಿದ್ದು.

"ನೆಲದ ಮೇಲೆ ಮಲಗಿದ್ರೆ ಏಳಕ್ಕಾಗಲ್ಲ ಈಗ" ಅಂದ ನನಗೆ. "ಇಪ್ಪತ್ತಾರು ವರ್ಷ ಬೆನ್ನ ಮೇಲೆ ಮಲಗಿ, ಕಣ್ಣಿಗೆ ತುಕ್ಕು ಬೀಳಿಸ್ಕೊಂಡು ಅದರ ಹೊಟ್ಟೆ ನೋಡಿದೀನಿ. ಒಂದೇ ಒಂದು ಸಲ ನೆಟ್ಟಗೆ ನಿಂತು ಕೆಲಸ ಮಾಡ್ಬೇಕು ಕಣೋ. ನಾಲ್ಕು ಪೈಪು. ಅಷ್ಟೇ ನನ್ನ ಆಸೆ."

"ನಾನು ಮಲಗಿ ಹಾಕ್ಕೊಡ್ತೀನಿ ಬಿಡು" ಅಂದೆ. ಬೇರೇನು ಹೇಳಲಿ?

"ನೀನು ಕೆಳಗೆ ಹೋದ್ರೆ ಮೇಲೆತ್ತೋಕೆ ಅದಕ್ಕೊಂದು ಹಾಯಿಸ್ಟ್ ಬೇಕು" ಅಂದು ನಕ್ಕ. "ಪಾಯ ಹೆಂಗೂ ರೆಡಿ ಇದೆ. ಬಂದ ದಿನಾನೇ ನಿಲ್ಲಿಸಬಹುದು."

ಹಾಯಿಸ್ಟ್ ಬರಲು ಮೂರು ವಾರ ಹಿಡಿಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವನ ಬಾಗಿಲಿಗೆ ಹೋಗುವುದು, ಟೀ ಕುಡಿದು ವಾಪಸ್ ಬರುವುದು. ಆ ಮೂರು ವಾರದಲ್ಲಿ ಹೇಳಿದ್ದರೂ ಕಾಲ ಉಳಿಯುತ್ತಿತ್ತು.

ಹಾಯಿಸ್ಟಿನ ಜೊತೆ ಬಂದವಳು ಟೆಗನ್ ಎಂಬ ಹೆಂಗಸು. ಮೂವತ್ತೈದರ ಪ್ರಾಯ, ಕಡಿಮೆ ಮಾತು, ಜೇಬಿನ ತುಂಬ ಪೆನ್ಸಿಲ್ಲು. ಕ್ಲೈವ್ ಕುರ್ಚಿಯಲ್ಲಿ ಕೂತು ಬೂಟಿನಿಂದ ಗುರುತು ತೋರಿಸಿ ಎಂದಿನ ಭಾಷಣ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಮಾತು ನಂಬ್ತೀನಿ. ಆದ್ರೂ ಒಂದು ತೂತು ಹಾಕಿ ನೋಡ್ಬೇಕು. ನೋಡದೆ ನಾನು ಕಂಬ ನಿಲ್ಲಿಸಲ್ಲ" ಅಂದಳು.

"ಹಾಕಮ್ಮ, ಹಾಕು. ನಿನ್ನ ಡ್ರಿಲ್ ಸವೆಯುತ್ತೆ ಅಷ್ಟೇ."

ಅವಳು ಗುರುತಿನ ನಟ್ಟ ನಡುವೆ ಡ್ರಿಲ್ ಇಟ್ಟಳು. ಬೂದು ಬಣ್ಣದ ಪುಡಿ ತೂತಿನ ಸುತ್ತ ಗುಡ್ಡೆಯಾಗುತ್ತ ಬಂತು. ನಾಲ್ಕಂಗುಲ ಇಳಿದಿತ್ತೋ ಇಲ್ಲವೋ, ಪುಡಿ ಬಿಳಿಯಾಯಿತು. ಅವಳು ನಿಲ್ಲಿಸಿ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. "ಇದು ಸುಣ್ಣಕಲ್ಲು" ಅಂದಳು.

ಕ್ಲೈವ್ ಮುಂದಕ್ಕೆ ಬಗ್ಗಿ ನೋಡಿದ. "ಗುರುತು ಹಾಕುವಾಗ ಒಂಚೂರು ಆಚೀಚೆ ಆಗಿರುತ್ತೆ. ಒಂದಡಿ ಈ ಕಡೆ ಹಾಕಿ ನೋಡು."

ಅವಳು ಹಾಕಿದಳು. ಬೂದು, ಆಮೇಲೆ ಬಿಳಿ. "ಹಂಗಾದ್ರೆ ಗೋಡೆ ಕಡೆಗೆ ಇರ್ಬೇಕು" ಅಂದ. ಅಲ್ಲೂ ಬಿಳಿ. ಇನ್ನೊಂದು ಗುರುತಿನ ಹತ್ತಿರ ಹೋದರು. ಅಲ್ಲೂ ಬಿಳಿ. ನಾನು ಗೋಡೆಗೊರಗಿ ನಿಂತು ನಾಲ್ಕು ತೂತು ಹಾಕುವುದನ್ನು ನೋಡಿದೆ. ಕ್ಲೈವನ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅವನು ನಿಜವಾಗಿಯೂ ಹುಡುಕುತ್ತಿದ್ದ. ಕೊನೆಗೆ ನನ್ನ ಕಡೆ ತಿರುಗಿ, "ನೆನಪು ಮಾಡ್ಕೊಳೋ ರೆಕ್ಸ್. ಎಲ್ಲಿ ಅಗೆದಿದ್ದೆ?" ಅಂದ.

"ಅಗೆದಿಲ್ಲ ಕ್ಲೈವ್."

"ಏನು?"

"ಗುಂಡಿ ಅಗೀಲೇ ಇಲ್ಲ. ಎರಡೂ. ಲಾರಿ ಬೇಗ ಬಂತು, ಸುರಿದುಬಿಟ್ವಿ."

ಟೆಗನ್ ಡ್ರಿಲ್ಲನ್ನು ಕೆಳಗಿಟ್ಟು, ಏನೋ ತರುವ ನೆಪದಲ್ಲಿ ಹೊರಗೆ ಹೋದಳು. ಕ್ಲೈವ್ ಬೂಟಿನ ತುದಿಯಿಂದ ಹಳದಿ ಗುರುತನ್ನು ಕೆರೆದ.

"ಮತ್ತೆ ಈ ಬಣ್ಣ?"

"ನಾನೇ ಬಳಿದದ್ದು."

"ಅದು ಗೊತ್ತು. ಬ್ರಷ್ಷು ನಿನ್ನ ಕೈಗೆ ಕೊಟ್ಟವನು ನಾನೇ."

ಅವನು ಕೂಗಾಡಲಿಲ್ಲ. ಟೆಗನಳನ್ನು ಒಳಗೆ ಕರೆದು ಈಗ ಏನು ಮಾಡಬೇಕು ಎಂದು ಕೇಳಿದ. ಎರಡು ಕಡೆ ಮೀಟರ್ ಚೌಕ ಕತ್ತರಿಸಿ, ಮೊಣಕಾಲುದ್ದ ಅಗೆದು, ಸರಳು ಕಟ್ಟಿ, ಹೊಸ ಕಾಂಕ್ರೀಟು ತುಂಬಬೇಕು ಅಂದಳು. ಅದು ಪೂರ್ತಿ ಬಲಿಯುವ ತನಕ ಇಪ್ಪತ್ತೆಂಟು ದಿನ ಬೋಲ್ಟು ಬಿಗಿಯುವ ಹಾಗಿಲ್ಲ.

"ಇಪ್ಪತ್ತೆಂಟಾ?"

"ಇಪ್ಪತ್ತೆಂಟು. ಕಂಪನಿಯವರ ಪುಸ್ತಕದಲ್ಲೇ ಇದೆ. ನನ್ನ ಅಪ್ಪನ ಶೆಡ್ಡಾದ್ರೂ ಅಷ್ಟೇ."

ಗೋಡೆಯ ಮೇಲೆ ಟ್ರ್ಯಾಕ್ಟರ್ ಚಿತ್ರದ ಕ್ಯಾಲೆಂಡರಿತ್ತು. ಕ್ಲೈವ್ ಅದನ್ನು ನೋಡಿದ, ತುಟಿ ಅಲ್ಲಾಡಿಸಿ ಎಣಿಸಿದ. ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಉಳಿದಿದ್ದು ಐದು ವಾರ. "ನೀನು ಮನೆಗೆ ಹೋಗು ರೆಕ್ಸ್" ಅಂದ. ಹೋದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಕಲ್ಲು ಕತ್ತರಿಸುವ ಗರಗಸ, ಹಾರೆ, ಬಾಡಿಗೆಯ ಜಾಕ್‌ಹ್ಯಾಮರ್ ಹೇರಿಕೊಂಡು ಅವನ ಶೆಡ್ಡಿನ ಮುಂದೆ ನಿಂತೆ. ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನನಗೆ ಅರವತ್ತೆಂಟು ವರ್ಷ. ಟೆಗನ್ ಜನ ಕಳಿಸುತ್ತೇನೆಂದಳು, ಬೇಡ ಎಂದೆ. ಹಳದಿ ಗುರುತಿನ ಸುತ್ತ ಗರಗಸ ಓಡಿಸಿ, ನಾನು ಬಳಿದ ಬಣ್ಣವನ್ನು ನಾನೇ ಚೂರು ಚೂರು ಮಾಡಿ ತಳ್ಳುಗಾಡಿಯಲ್ಲಿ ಹೊರಗೆ ಸುರಿದೆ. ಅದರ ಕೆಳಗಿನ ಸುಣ್ಣಕಲ್ಲು ಹಾಗೇ ಕಾದು ಕೂತಿತ್ತು.

ಎರಡು ದಿನ ಕ್ಲೈವ್ ಶೆಡ್ಡಿನ ಕಡೆ ಬರಲಿಲ್ಲ. ಮೂರನೆಯ ದಿನ ಮೆರಿಲ್ ಅವನನ್ನು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದಳು. ನಾನು ಗುಂಡಿಯೊಳಗೆ ಮಂಡಿಯೂರಿ ಕಲ್ಲಿನ ಚೂರು ಬಾಚುತ್ತಿದ್ದೆ. ಅವನು ನೋಡುತ್ತ ಕೂತ.

"ಆವತ್ತು ಇಷ್ಟು ಹೊತ್ತಿಗೆ ನೀನು ಬಿಯರ್ ಹಿಡಿದು ರೇಡಿಯೋ ಕೇಳ್ತಾ ಕೂತಿದ್ದೆ, ಅಲ್ವಾ?"

"ಹೂಂ."

"ಸ್ಕೋರ್ ಎಷ್ಟಾಗಿತ್ತು?"

"ನೆನಪಿಲ್ಲ ಕ್ಲೈವ್."

"ನೆನಪಿಟ್ಕೋಬೇಕಿತ್ತು. ಅಷ್ಟು ದುಬಾರಿ ಪಂದ್ಯ ಯಾರೂ ಕೇಳಿರಲ್ಲ." ಗುಂಡಿಯೊಳಕ್ಕೆ ಬೆರಳು ತೋರಿಸಿ, "ಆ ಮೂಲೆ ಇನ್ನೂ ಮೇಲಿದೆ. ಕಣ್ಣು ಕಾಣಲ್ವಾ? ಹೊಡಿ ಅಲ್ಲಿ" ಅಂದ.

ಹೊಡೆದೆ. ಅವನು ಅಳತೆಪಟ್ಟಿ ತರಿಸಿ, ಕುರ್ಚಿಯಲ್ಲೇ ಬಗ್ಗಿ, ಎರಡೂ ಗುಂಡಿಗಳ ಆಳ ಅಳೆದ. ನಾಲ್ಕೂ ಮೂಲೆ. ನಾನು ಗುಂಡಿಯೊಳಗೆ ನಿಂತು ಪಟ್ಟಿಯ ತುದಿ ಹಿಡಿದುಕೊಂಡೆ. ಅರವತ್ತು ವರ್ಷದ ಸ್ನೇಹದಲ್ಲಿ ಅವನು ನನ್ನ ಕೆಲಸವನ್ನು ಅಳೆದದ್ದು ಅದೇ ಮೊದಲು. ನನ್ನ ಕಣ್ಣಿಂದ ನೀರು ಬಂತು, ಬೆವರು ಒರೆಸುವ ಹಾಗೆ ತೋಳಿನಿಂದ ಒರೆಸಿಕೊಂಡೆ. ನಾಲ್ಕನೆಯ ದಿನ ಲಾರಿ ಬಂತು, ತುಂಬಿದೆವು.

ಹೊಸ ಕಾಂಕ್ರೀಟಿಗೆ ನೀರು ಬೇಕು. ಒಣಗಿದರೆ ಗಟ್ಟಿಯಾಗುವುದಿಲ್ಲ, ಬಿರುಕು ಬಿಡುತ್ತದೆ. ಗೋಣಿತಾಟು ಹೊದಿಸಿ ಬೆಳಿಗ್ಗೆ ಸಂಜೆ ನೆನೆಸಬೇಕು. ಏಳು ದಿನ ನೆನೆಸಿದರೆ ಸಾಕು ಅನ್ನುತ್ತಾರೆ, ನಾನು ಏಳಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಹೋಗುವುದು, ಎರಡು ತಾಟಿಗೂ ನೀರು ಹನಿಸುವುದು, ಕ್ಯಾಲೆಂಡರಿನಲ್ಲಿ ಒಂದು ಚೌಕಕ್ಕೆ ಗೀಟು ಹಾಕುವುದು. ಕ್ಲೈವ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಒಮ್ಮೊಮ್ಮೆ ಬೈಯುತ್ತಿದ್ದ, ಒಮ್ಮೊಮ್ಮೆ ಹಳೆಯ ಫುಟ್‌ಬಾಲ್ ಮಾತು ತೆಗೆಯುತ್ತಿದ್ದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೊದಲ ವಾರ ಎರಡು ಪಾಸ್ಟಿ ತಿನ್ನುತ್ತಿದ್ದವನು ಎರಡನೆಯ ವಾರಕ್ಕೆ ಅರ್ಧ ತಿನ್ನತೊಡಗಿದ. ಷರ್ಟಿನ ಕಾಲರಿನೊಳಗೆ ಕತ್ತು ಸಣ್ಣಗಾಗುತ್ತ ಬಂತು.

ಹದಿನಾರನೆಯ ದಿನ ನೀರು ಹಾಕಿ ಪೈಪು ಸುತ್ತುತ್ತಿದ್ದೆ. ಮೆರಿಲ್ ಪೇಟೆಗೆ ಹೋಗಿದ್ದಳು.

"ರೆಕ್ಸ್, ಇವತ್ತೇ ನಿಲ್ಲಿಸೋಣ" ಅಂದ.

"ಏನನ್ನ?"

"ನಾಟಕ ಮಾಡ್ಬೇಡ. ಟೆಗನ್‌ಗೆ ಫೋನ್ ಮಾಡಿದ್ದೆ, ಆಗಲ್ಲ ಅಂದ್ಲು. ಅವಳು ಬೇಡ. ಕಂಬ ಇಲ್ಲೇ ಬಿದ್ದಿವೆ, ನೀನಿದೀಯ, ನಿನ್ನ ತಮ್ಮನ ಕ್ರೇನ್ ಗಾಡಿ ಇದೆ. ಸಂಜೆಯೊಳಗೆ ಕಂಬ ನಿಲ್ಲುತ್ತೆ. ನಾಳೆ ಬೆಳಿಗ್ಗೆ ಕಾರು ಎತ್ತೋಣ, ನಂಗೆ ಒಂದು ಗಂಟೆ ಸಾಕು."

"ಇನ್ನೂ ಹನ್ನೆರಡು ದಿನ ಇದೆ."

"ಕಾಂಕ್ರೀಟಿಗಿದೆ ಹನ್ನೆರಡು ದಿನ. ನಂಗಿಲ್ಲ." ಅವನು ಕೈಗಳನ್ನು ಮುಂದೆ ಚಾಚಿ ತೋರಿಸಿದ. ನಡುಗುತ್ತಿದ್ದವು. "ನೋಡು. ಹೋದ ವಾರ ಹಿಂಗಿರ್ಲಿಲ್ಲ. ಮುಂದಿನ ವಾರ ಸ್ಪ್ಯಾನರ್ ಹಿಡಿಯಕ್ಕಾಗಲ್ಲ. ನಲವತ್ತು ವರ್ಷ ಕಾಂಕ್ರೀಟ್ ಹಾಕಿದೀಯ, ನೀನೇ ಹೇಳು. ಇದು ತಡೆಯಲ್ವಾ?"

ತಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಹದಿನಾರು ದಿನಕ್ಕೆ ಮುಕ್ಕಾಲಿಗಿಂತ ಹೆಚ್ಚು ಬಲಿತಿರುತ್ತದೆ, ಆ ಕಾರೇನೂ ಆನೆಯಲ್ಲ. ನೂರಕ್ಕೆ ತೊಂಬತ್ತೈದು ಪಾಲು ಏನೂ ಆಗುತ್ತಿರಲಿಲ್ಲ. ಆದರೆ ಏನೂ ಆಗಲ್ಲ ಎಂಬ ಆ ಮಾತು ನನ್ನ ನಾಲಗೆಯ ತುದಿಗೆ ಬಂದು ಅಲ್ಲೇ ಸಿಕ್ಕಿಕೊಂಡಿತು.

"ಆಗಲ್ಲ ಕ್ಲೈವ್."

"ಮೇಲೆ ಬಿದ್ರೆ ಏನಾಗುತ್ತೋ? ಸಾಯೋನೇ ತಾನೇ ನಾನು. ಹತ್ತು ದಿನ ಮುಂಚೆ."

"ನೀನು ಒಬ್ಬನೇ ನಿಲ್ಲಕ್ಕಾಗಲ್ಲ. ನನ್ನ ಮಂಡಿ ನಂಬೋ ಹಾಗಿಲ್ಲ, ಮೆರಿಲ್ ಹಿಡ್ಕೊಂಡಿರ್ಬೇಕು. ಅವಳೂ ಅದರ ಕೆಳಗೇ ಇರ್ತಾಳೆ."

ಅವನು ಕೈಗಳನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ದಪ್ಪ ಮಾಡೋ ಅಂದಾಗ ತೆಳು ಮಾಡ್ದೆ. ನನ್ನ ಒಂದು ತಿಂಗಳು ತಿಂದವನು ನೀನು. ಈಗ ಅದನ್ನ ವಾಪಸ್ ಕೊಡೋ ಅಂದ್ರೆ ನಿಯಮ ಹೇಳ್ತೀಯ. ಎಂಥ ಟೈಮಲ್ಲಿ ಸಾಚಾ ಆದ್ಯಪ್ಪ ನೀನು."

ನಾನು ಪೈಪು ಮೊಳೆಗೆ ಹಾಕಿ ಹೊರಟೆ. ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದೆ, ತಿರುಗಿ ಹೋಗಿ ಹೂಂ ಎನ್ನಲೇ ಎಂದು. ಎರಡು ಸಲವೂ ಬೋಲ್ಟು ಕಿತ್ತುಬಂದು ಕಾರು ವಾಲುವುದು, ಕೆಳಗೆ ಅವರಿಬ್ಬರು ನಿಂತಿರುವುದು ಕಣ್ಣಿಗೆ ಕಟ್ಟಿತು. ಮನೆಗೆ ಹೋದೆ. ಸಂಜೆ ಐದಕ್ಕೆ ಮತ್ತೆ ಬಂದು ನೀರು ಹಾಕಿದೆ. ಕುರ್ಚಿ ಖಾಲಿಯಿತ್ತು.

ಹತ್ತೊಂಬತ್ತನೆಯ ದಿನದಿಂದ ಅವನು ಹಾಸಿಗೆ ಬಿಟ್ಟೇಳಲಿಲ್ಲ. ಮಲಗುವ ಕೋಣೆಯ ಕಿಟಕಿ ಶೆಡ್ಡಿನ ಕಡೆಗೆ ತೆರೆಯುತ್ತದೆ. ಮೆರಿಲ್ ಅದನ್ನು ತೆಗೆದಿಡುತ್ತಿದ್ದಳು, ನಾನು ನೀರು ಹಾಕುವ ಸದ್ದು ಅವನಿಗೆ ಕೇಳುತ್ತಿತ್ತಂತೆ. ನೀರು ಹಾಕಿದ ಮೇಲೆ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಔಷಧಿಯ ಮಂಪರಿನಲ್ಲಿ ಕೆಲವು ಸಲ ನನ್ನನ್ನು ಗುರುತು ಹಿಡಿಯುತ್ತಿದ್ದ, ಕೆಲವು ಸಲ ಅಪ್ಪನೊಡನೆ ಮಾತಾಡುತ್ತಿದ್ದ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಕಣ್ಣು ತೆರೆದು ನೆಟ್ಟಗೆ ನನ್ನನ್ನೇ ನೋಡಿದ.

"ನೀರು ಹಾಕಿದ್ಯಾ?"

"ಹಾಕ್ದೆ."

"ಇನ್ನೆಷ್ಟು?"

"ಐದು ದಿನ."

"ಚೆನ್ನಾಗಿ ಹಾಕು" ಅಂದು ಕಣ್ಣು ಮುಚ್ಚಿದ. ಮಧ್ಯಾಹ್ನ ಎರಡರ ಹೊತ್ತಿಗೆ ಉಸಿರು ನಿಂತಿತು. ಆ ಕೊನೆಯ ಮಾತು ಬೈಗುಳವೋ, ಕ್ಷಮೆಯೋ, ಬರೀ ಮಂಪರೋ ನನಗೆ ತಿಳಿಯದು. ತಿಳಿದವರಿದ್ದರೆ ಹೇಳಿ.

ಸತ್ತ ದಿನ ಸಂಜೆಯೂ ನೀರು ಹಾಕಿದೆ. ಇಪ್ಪತ್ತೇಳನೆಯ ದಿನ ಮಣ್ಣು ಮಾಡಿದೆವು. ಶವಪೆಟ್ಟಿಗೆಗೆ ಹೆಗಲು ಕೊಟ್ಟು ಬಂದವನು ಕರಿಯ ಕೋಟಿನಲ್ಲೇ ಶೆಡ್ಡಿಗೆ ಹೋಗಿ ಎರಡು ತಾಟಿಗೂ ನೀರು ಹನಿಸಿದೆ. ಮನೆ ತುಂಬ ಜನ, ಟೀ ಕಪ್ಪು ಹಿಡಿದು ಕಿಟಕಿಯಿಂದ ನೋಡಿದರು. ಈ ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಮರುದಿನ ಟೆಗನ್ ಬಂದಳು. ಬೇಡವೆಂದರೆ ಹಾಯಿಸ್ಟ್ ವಾಪಸ್ ಒಯ್ಯುತ್ತೇನೆ ಎಂದು ಮೆರಿಲಳಿಗೆ ಹೇಳಿದಳು. "ನಿಲ್ಲಿಸಿ" ಅಂದಳು ಮೆರಿಲ್. ಟೆಗನ್ ಗೋಣಿತಾಟು ಸರಿಸಿ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದಳು. ಒಂದು ಕಡೆ ಆರು, ಇನ್ನೊಂದು ಕಡೆ ಆರು ಬೋಲ್ಟು. ಪ್ರತಿಯೊಂದನ್ನೂ ಬಿಗಿ ಅಳೆಯುವ ಸ್ಪ್ಯಾನರಿನಲ್ಲಿ ಟಕ್ ಅನ್ನುವ ತನಕ ಬಿಗಿದಳು, ಹನ್ನೆರಡು ಟಕ್ಕುಗಳನ್ನೂ ನಾನು ಎಣಿಸಿದೆ. ಕಾರನ್ನು ಒಂದಡಿ ಎತ್ತಿ ಬಂಪರ್ ಹಿಡಿದು ಜಗ್ಗಿ ನೋಡಿದಳು. ಆಮೇಲೆ ಆಳೆತ್ತರಕ್ಕೆ ಎತ್ತಿ, ಕಂಬದೊಳಗಿನ ಕೊಂಡಿಗಳ ಮೇಲೆ ಕೂರಿಸಿದಳು. ಒಂದು ಗಂಟೆ ಹಾಗೇ ಬಿಟ್ಟು ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಪರೀಕ್ಷಿಸಿದಳು. ಕೂದಲೆಳೆಯಷ್ಟೂ ಅಲುಗಿರಲಿಲ್ಲ. "ಒಳ್ಳೆ ಪಾಯ" ಅಂದು ಸಾಮಾನು ಕಟ್ಟಿಕೊಂಡು ಹೋದಳು.

ಮೆರಿಲ್ ಬಂದು ಕಾರಿನ ಕೆಳಗೆ ನಿಂತಳು. ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಮೇಲಿನ ತಿಳಿನೀಲಿಯಷ್ಟೇ ನಯವಾಗಿ, ಯಾರ ಕಣ್ಣಿಗೂ ಬೀಳದ ಆ ಅಡಿಭಾಗಕ್ಕೂ ಕ್ಲೈವ್ ಕರಿಬಣ್ಣ ಹೊಡೆದಿದ್ದ.

"ನಿನ್ನನ್ನ ಒಂದು ಮಾತು ಕೇಳ್ತೀನಿ, ನಿಜ ಹೇಳು" ಅಂದಳು. "ಹದಿನಾರನೇ ದಿನ ಅವನು ಕೇಳಿದ್ನಂತಲ್ಲ. ಆವತ್ತು ಎತ್ತಿದ್ರೆ ಬೀಳ್ತಿತ್ತಾ?"

ಸುಳ್ಳು ಹೇಳಲು ಒಂದು ಕ್ಷಣ ಬಾಯಿ ತೆರೆದೆ. ಆ ನೆಲದ ಮೇಲೆ ನಿಂತು ಇನ್ನೊಂದು ಸುಳ್ಳು ಬರಲಿಲ್ಲ.

"ಬೀಳ್ತಿರ್ಲಿಲ್ಲ ಅನ್ಸುತ್ತೆ."

"ಮತ್ಯಾಕೆ ಬೇಡ ಅಂದೆ?"

"ನೀನೂ ಕೆಳಗೆ ನಿಲ್ಬೇಕಿತ್ತು ಮೆರಿಲ್. ಅವನಿಗೂ ಅದನ್ನೇ ಹೇಳ್ದೆ."

ಅವಳು ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹೌದು, ಅವನು ಹೇಳಿದ. ನಲವತ್ನಾಲ್ಕು ವರ್ಷ ಅವನ ಪಕ್ಕ ಇದ್ದೆ ನಾನು. ಐದು ನಿಮಿಷ ಕಾರಿನ ಕೆಳಗೆ ನಿಲ್ತಿರ್ಲಿಲ್ವಾ? ಬಿದ್ರೂ ನಿಲ್ತಿದ್ದೆ. ನನ್ನ ಹೆಸರು ಹೇಳಿ ಬೇಡ ಅಂದ್ಯಲ್ಲ ರೆಕ್ಸ್, ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ಗೂಟ ಕಿತ್ತೆಸೆದಾಗಲೂ ಯಾರನ್ನೂ ಕೇಳಿರಲಿಲ್ಲ, ಈ ಸಲವೂ ಕೇಳಿರಲಿಲ್ಲ. ಒಂದು ಸಲ ಅಡ್ಡದಾರಿ ಹಿಡಿದು ಅವನಿಗೆ ಮೋಸ ಮಾಡಿದೆ. ಇನ್ನೊಂದು ಸಲ ನೆಟ್ಟಗೆ ನಡೆದು ಮಾಡಿದೆ. ಆ ಹನ್ನೆರಡು ದಿನ ನಾನು ಕಾಪಾಡಿದ್ದು ಅವರಿಬ್ಬರ ಜೀವವನ್ನೋ, ನನ್ನ ಮನಸ್ಸನ್ನೋ ಎಂದು ಅವಳು ಕೇಳಲಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೇನೆ, ದಿನವೂ.

ಮೆರಿಲ್ ಗೋಡೆಯ ಮೊಳೆಯಿಂದ ನಾಲ್ಕು ಪೈಪುಗಳನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಹಾಕಿ ಹೋಗು" ಅಂದು ಮನೆಯೊಳಕ್ಕೆ ನಡೆದಳು.

ಹಾಕಿದೆ. ಅವನು ಬಗ್ಗಿಸಿದ್ದ ಪ್ರತಿ ತಿರುವೂ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು, ಎಲ್ಲೂ ಒತ್ತಬೇಕಾಗಲಿಲ್ಲ. ನನ್ನಂಥ ಮಂಡಿ ಹೋದ ಮುದುಕನಿಗೂ ಬಗ್ಗುವ ಕೆಲಸವೇ ಇರಲಿಲ್ಲ. ನೆಟ್ಟಗೆ ನಿಂತು ಮಾಡಿದರೆ ಅದು ನಲವತ್ತು ನಿಮಿಷದ ಕೆಲಸ. ಅವನಾಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ.